ಅವ್ವನ ಸೂಜಿಗೆ ದಾರ ಪೋಣಿಸುವವರು ಯಾರು?

‘ಸಾಲಿ ಬಿಡೋತನಕ ಸುಮ್ನ ಕುಂತೇನಿ ನೋಡೋ ತಮ್ಮಾ.’

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವ್ವ ಫೋನಿನಲ್ಲಿ ಹೀಗಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಸಾಲಿ ಬಿಟ್ಟರೆ ಈಕೆಗೇನು? ನಾನು ಬೆಂಗಳೂರಿನಲ್ಲಿ, ತಂಗಿ ಮದುವೆಯಾಗಿ ಬೆಳಗಾವಿಯಲ್ಲಿ. ಹಳಿಯಾಳ ತಾಲೂಕಿನ ತೇರಗಾಂವದ ಮನೆಯಲ್ಲಿ ಅವ್ವ ಒಬ್ಬಳೇ. ಯಾಕೆ ಅಂತ ಕೇಳಿದೆ.

‘ಸೂಜಿಗೆ ದಾರ ಪೋಣಿಸೋರು ಬೇಕಲ್ಲ. ಬಾಜೂ ಮನಿ ಹುಡುಗಿ ಸಾಲಿಯಿಂದ ಬಂದ್ ಪೋಣಿಸಿ ಕೊಡ್ತಾಳ. ಆಮ್ಯಾಲೆ ಹೊಲಿತೇನಿ.’

ಕಣ್ಣಿನ ಪೊರೆ ತೆಗೆಸಿದ ಮೇಲೆ ಅವ್ವ ದೂರದ ಬಸ್ಸಿನ ಬೋರ್ಡು ಓದುತ್ತಾಳೆ. ಸೂಜಿಯ ಕಣ್ಣು ಮಾತ್ರ ಸಿಗುವುದಿಲ್ಲ. ಚಷ್ಮಾ ಹಾಕಿಕೊಂಡರೆ ಕಾಣುತ್ತದೆ, ಆದರೆ ದಾರ ಹಿಡಿದ ಕೈ ನಡುಗುತ್ತದೆ. ಬೆಳಗ್ಗೆ ಹನ್ನೊಂದಕ್ಕೇ ಮನೆಗೆಲಸ ಮುಗಿಸಿ, ಬಟ್ಟೆ ಚೂರು ಹರವಿಕೊಂಡು, ಸಂಜೆ ನಾಲ್ಕೂವರೆತನಕ ಒಂದು ಹುಡುಗಿಯ ದಾರಿ ಕಾಯುವುದು. ಆ ಹುಡುಗಿಗೆ ಪರೀಕ್ಷೆ ಇದ್ದ ವಾರ ಹೊಲಿಗೆಯೇ ಇಲ್ಲ.

ಅವಸರಕ್ಕೆ ಕಾರಣವಿತ್ತು. ತಂಗಿ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೇ ಬರುವವಳು. ಮೇ ತಿಂಗಳಿಗೆ ದಿನ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ತೊಟ್ಟಿಲಿಗೆ ಹಾಸಲು ಕೌದಿ ಹೊಲಿದಾಕೆ ಅವ್ವ. ನನ್ನದೂ ತಂಗಿಯದೂ ಇನ್ನೂ ಟ್ರಂಕಿನಲ್ಲಿವೆ. ಈ ಸಲ ಆಗುತ್ತೋ ಇಲ್ಲವೋ ಅನ್ನುವ ಅಂಜಿಕೆ ಆಕೆಯ ದನಿಯಲ್ಲಿ ಮೊದಲ ಬಾರಿಗೆ ಕೇಳಿಸಿತು.

ಮೂರು ಹೆಸರು, ಒಂದೇ ಹೊದಿಕೆ

ನಮ್ಮ ತಾಲೂಕಿನಲ್ಲಿ ಇದಕ್ಕೆ ಮೂರು ಹೆಸರು. ಧಾರವಾಡ ಕಡೆಯ ಕನ್ನಡದಲ್ಲಿ ಕೌದಿ. ಮರಾಠಿ ಮಾತಾಡುವ ಮನೆಗಳಲ್ಲಿ ಗೋಧಡಿ. ಸಿದ್ದಿ ಜನರ ಮನೆಗಳಲ್ಲಿ ಕವಂದಿ. ಹಳೇ ಸೀರೆ, ಧೋತರ, ಅಂಗಿ, ಕುಪ್ಪಸದ ಚೂರು ಯಾವುದೂ ವ್ಯರ್ಥ ಆಗದಂತೆ ಪದರ ಪದರವಾಗಿ ಸೇರಿಸಿ, ಸಣ್ಣ ಓಡುಹೊಲಿಗೆಯಿಂದ ಬಿಗಿದ ಹೊದಿಕೆ. ಕೂಸಿಗೆ ಹೊಸ ಬಟ್ಟೆ ಚುಚ್ಚುತ್ತದೆ, ನೂರಾರು ಸಲ ಒಗೆದ ಬಟ್ಟೆಯೇ ಮೆತ್ತಗೆ.

ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸೂಜಿ ಪೋಣಿಸುವ ಕೆಲಸ ನನ್ನದು. ಅಜ್ಜಿಗೂ ಅವ್ವಗೂ ಸೇರಿ ಸಾಲಿಗೆ ಹೋಗುವ ಮುಂಚೆ ಐದಾರು ಸೂಜಿಗೆ ದಾರ ಹಾಕಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ ಹೋಗುತ್ತಿದ್ದೆ. ಬೇಸರದ ಕೆಲಸ ಅನ್ನಿಸುತ್ತಿತ್ತು. ಆ ಐದಾರು ಸೂಜಿ ಇಲ್ಲದಿದ್ದರೆ ಅವರ ಇಡೀ ದಿನ ನಿಂತುಬಿಡುತ್ತಿತ್ತು ಅಂತ ಆಗ ಯಾರು ಯೋಚಿಸಿದ್ದರು?

ಬೆಂಗಳೂರಿನ ನನ್ನ ಪ್ರಯೋಗ

ಈಗ ನನ್ನ ಕಥೆಗೆ ಬರ್ತೀನಿ. ಕೋವಿಡ್ ಹೊತ್ತಿನಲ್ಲಿ ಮಾಸ್ಕ್ ಹೊಲಿಯಲು ಕಲಿತವನು ನಾನು, ಹೊಲಿಗೆ ಬಿಡಲಿಲ್ಲ. ‘ಗಂಡಸಾಗಿ ಹೊಲಿತೀಯಾ?’ ಅಂತ ಆಫೀಸಿನಲ್ಲಿ ಕೇಳುತ್ತಾರೆ. ನಮ್ಮೂರಿನ ಟೇಲರ್‌ಗಳೆಲ್ಲ ಗಂಡಸರೇ ಅಲ್ವಾ ಅಂತೀನಿ. ಎರಡು ವರ್ಷದ ಹಿಂದೆ ಬೋನಸ್ ಬಂದಾಗ ಗುಂಡಿಗಳಿರುವ ಕಂಪ್ಯೂಟರ್ ಹೊಲಿಗೆ ಯಂತ್ರ ಕೊಂಡೆ. ಅವ್ವನ ಫೋನ್ ಬಂದ ವಾರ ನಿರ್ಧಾರ ಮಾಡಿದೆ: ಕೂಸಿನ ಕೌದಿ ನಾನೇ ಹೊಲಿದು ಸಂಕ್ರಾಂತಿಗೆ ಒಯ್ಯುತ್ತೇನೆ, ಅವ್ವನ ಚಿಂತೆ ಮುಗಿಯುತ್ತದೆ.

ಯಂತ್ರದಲ್ಲಿ ಕೌದಿಯ ಮೇಲ್ಪದರ ಜೋಡಿಸಲು ಸುಲಭದ ದಾರಿ ಒಂಬತ್ತು ಚೌಕದ ಬ್ಲಾಕು. ಮೂರೂವರೆ ಇಂಚಿನ ಒಂಬತ್ತು ಚೌಕ ಕತ್ತರಿಸಿ, ಮೂರರಂತೆ ಮೂರು ಸಾಲು ಹೊಲಿದು, ಸಾಲುಗಳನ್ನು ಜೋಡಿಸಿದರೆ ಒಂದು ಬ್ಲಾಕು. ಹದಿನಾರು ಬ್ಲಾಕು ಸೇರಿದರೆ 36 ಇಂಚಿನ ತೊಟ್ಟಿಲ ಕೌದಿ. 144 ಚೌಕ. ಶನಿವಾರ, ಭಾನುವಾರ ಸಾಕು ಅಂದುಕೊಂಡೆ.

ಮೊದಲ ಬ್ಲಾಕು ಅಳೆದಾಗ ಒಂಬತ್ತೂವರೆ ಇಂಚು ಬರಬೇಕಿದ್ದಲ್ಲಿ ಒಂಬತ್ತೂಕಾಲು ಬಂತು. ಎರಡನೆಯದು ಇನ್ನೊಂದು ಅಳತೆ. ಕಾರಣ ಹುಡುಕಿದರೆ ನಗು ಬರುವಂಥದ್ದು. ಹೊಲಿಗೆಯ ಅಂಚು ಕಾಲು ಇಂಚು ಇರಬೇಕು, ನಾನು ಕಣ್ಣಳತೆಯಲ್ಲಿ ಇಂಚಿನ ಹದಿನಾರನೇ ಒಂದು ಪಾಲು ಜಾಸ್ತಿ ಹಿಡಿದಿದ್ದೆ. ನಮ್ಮ ಹಳೇ ಲೆಕ್ಕದಲ್ಲಿ ಹೇಳುವುದಾದರೆ ಒಂದು ವೀಸ. ಒಂದು ಹೊಲಿಗೆಗೆ ಎರಡು ಬಟ್ಟೆ, ಅಲ್ಲಿಗೆ ಎರಡು ವೀಸ. ಬ್ಲಾಕಿನ ಅಗಲದಲ್ಲಿ ಎರಡು ಹೊಲಿಗೆ, ನಾಲ್ಕು ವೀಸ. ಅಂದರೆ ಕಾಲು ಇಂಚು ಮಾಯ! ನಾಲ್ಕು ಬ್ಲಾಕಿನ ಸಾಲಿಗೆ ಒಂದು ಇಂಚು. ಎಲ್ಲವೂ ಒಂದೇ ಸಮ ಕಡಿಮೆಯಾಗಿದ್ದರೆ ಕೌದಿ ಸ್ವಲ್ಪ ಸಣ್ಣದಾಗುತ್ತಿತ್ತು, ಅಷ್ಟೆ. ಒಂದೊಂದು ಒಂದೊಂದು ಥರ ಆದರೆ ಮೂಲೆಗೆ ಮೂಲೆ ಕೂಡುವುದೇ ಇಲ್ಲ.

ಇದಕ್ಕೆ ಉತ್ತರ ಯಂತ್ರದ ಡಬ್ಬಿಯಲ್ಲೇ ಇತ್ತು. ಕಾಲು ಇಂಚಿನ ಫುಟ್ ಅಂತ ಒಂದು ಪುಟ್ಟ ಬಿಡಿಭಾಗ. ಅದರ ಬಲಬದಿಗೆ ಒಂದು ತಗಡಿನ ಅಡ್ಡಗೋಡೆ. ಬಟ್ಟೆಯ ಅಂಚು ಅದಕ್ಕೆ ತಾಗಿಸಿಕೊಂಡು ಹೋದರೆ ಸಾಕು. ಆದರೂ ಒಂದು ತುಂಡು ಹೊಲಿದು, ಇಸ್ತ್ರಿ ಮಾಡಿ, ಸ್ಕೇಲಿಟ್ಟು ನೋಡಿಯೇ ಮುಂದುವರಿಯಿರಿ. ಮಡಿಕೆಯಲ್ಲಿ ಬಟ್ಟೆಯ ದಪ್ಪ ಒಂದೆಳೆ ತಿನ್ನುತ್ತದೆ, ಅದಕ್ಕೇ ಕಾಲು ಇಂಚಿಗೆ ಕೂದಲೆಳೆ ಕಡಿಮೆ ಹಿಡಿಯುವುದು ಒಳ್ಳೆಯದು.

ಯಾವ ಗುಂಡಿ ಯಾವಾಗ

ಎರಡನೇ ತಪ್ಪು ಆಸೆಯದ್ದು. ನನ್ನ ಯಂತ್ರದಲ್ಲಿ ಕತ್ತರಿ ಚಿತ್ರದ ಗುಂಡಿ ಇದೆ, ಒತ್ತಿದರೆ ಮೇಲಿನ, ಕೆಳಗಿನ ಎರಡೂ ದಾರ ತಾನೇ ಕತ್ತರಿಸುತ್ತದೆ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಪ್ರತಿ ಚೌಕಕ್ಕೂ ಒತ್ತಿದೆ. ಹದಿನಾರು ಬ್ಲಾಕಿಗೆ ಲೆಕ್ಕ ಹಾಕಿದರೆ ಒಟ್ಟು 128 ಹೊಲಿಗೆ. 128 ಸಲ ನಿಲ್ಲು, ಕತ್ತರಿಸು, ಮತ್ತೆ ಶುರು ಮಾಡು. ಪ್ರತಿ ಸಲ ಶುರುವಿನಲ್ಲಿ ಬಟ್ಟೆಯ ಮೂಲೆ ಯಂತ್ರದ ಹಲ್ಲಿಗೆ ಸಿಕ್ಕಿ ಒಳಗೆ ಎಳೆದುಕೊಳ್ಳುವುದು ಬೇರೆ.

ಸರಿಯಾದ ದಾರಿ ಸರಪಳಿ ಹೊಲಿಗೆ. ಮೊದಲು ಒಂದು ಚಿಂದಿ ತುಂಡು ಹೊಲಿಯಿರಿ. ದಾರ ಕತ್ತರಿಸಬೇಡಿ. ಅದರ ಹಿಂದೆಯೇ ಮೊದಲ ಜೋಡಿ, ಎರಡು ಟಾಕಿನ ಅಂತರ ಬಿಟ್ಟು ಎರಡನೇ ಜೋಡಿ. ಹೀಗೆ 48 ಜೋಡಿಯೂ ಬಾಗಿಲ ತೋರಣದಂತೆ ಒಂದೇ ದಾರದಲ್ಲಿ ಹೊರಬರುತ್ತವೆ. ಆಮೇಲೆ ಕತ್ತರಿಯಿಂದ ಬಿಡಿಸಿಕೊಂಡರಾಯಿತು. ದಾರವೂ ಉಳಿತಾಯ, ಹಲ್ಲಿಗೆ ಸಿಗುವುದು ಚಿಂದಿ ತುಂಡು ಮಾತ್ರ. ಕತ್ತರಿ ಗುಂಡಿ ಬೇಕಾಗುವುದು ಸರಪಳಿಯ ಕೊನೆಗೆ, ಒಂದೇ ಸಲ.

ಸೂಜಿ ಮೇಲೆ-ಕೆಳಗೆ ಮಾಡುವ ಗುಂಡಿಯನ್ನು ನಾನು ಮೊದಲು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ಅದಿಲ್ಲದೆ ಸಾಲು ಜೋಡಿಸಲಾರೆ. ನಿಲ್ಲಿಸಿದಾಗ ಸೂಜಿ ಕೆಳಗೇ ಇರುವಂತೆ ಇಟ್ಟುಕೊಂಡರೆ ಬಟ್ಟೆ ಮೊಳೆ ಹೊಡೆದಂತೆ ನಿಲ್ಲುತ್ತದೆ. ಎರಡೂ ಕೈ ಬಿಡುವಾಗಿ, ಮುಂದಿನ ಮಡಿಕೆಗೆ ಮಡಿಕೆ ಸರಿಯಾಗಿ ಕೂಡಿದೆಯೇ ಅಂತ ನೋಡಬಹುದು. ಇಸ್ತ್ರಿ ಮಾಡುವಾಗ ಒಂದು ಸಾಲಿನ ಮಡಿಕೆಗಳನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಲಗಿಸಿದ್ದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಮೂಲೆ ತಪ್ಪುವುದಿಲ್ಲ.

ಟಾಕಿನ ಉದ್ದ ಯಂತ್ರ ತಾನಾಗಿ ಕೊಡುವ 2.5 ಮಿಲಿಮೀಟರ್ ಬೇಡ, 2ಕ್ಕೆ ಇಳಿಸಿ. ಬ್ಲಾಕಿನಲ್ಲಿ ಹೊಲಿಗೆಯ ತುದಿಗೆ ಗಂಟು ಹಾಕುವುದಿಲ್ಲವಲ್ಲ, ಟಾಕು ಸಣ್ಣದಿದ್ದರೆ ಬಿಚ್ಚುವುದಿಲ್ಲ.

ಎರಡು ದಿನದ ಕೆಲಸ ಐದು ವಾರಾಂತ್ಯ ತಿಂದಿತು. ಆದರೂ ಹದಿನಾರು ಬ್ಲಾಕಿನ ಮೇಲ್ಪದರ ಮುಗಿಸಿ, ಅದನ್ನೂ ಯಂತ್ರವನ್ನೂ ಕಟ್ಟಿಕೊಂಡು ಸಂಕ್ರಾಂತಿಗೆ ಊರಿನ ಬಸ್ಸು ಹತ್ತಿದೆ.

‘ಉಳಿದ ಚೂರು ಎಲ್ಲಿ ಒಗದಿ?’

ಅವ್ವ ಅದನ್ನು ಹಾಸಿಗೆಯ ಮೇಲೆ ಹರವಿ, ಕೈಯಾಡಿಸಿ, ಮೂಲೆ ಮೂಲೆ ನೋಡಿದಳು. ‘ಪಗಡಿ ಹಾಸು ಇದ್ದಂಗ ಐತಿ. ಚಲೋ ಐತಿ’ ಅಂದಳು. ಹೊಗಳಿಕೆ ಅಷ್ಟಕ್ಕೇ ನಿಂತಿತು. ಆಮೇಲೆ ಕೇಳಿದಳು, ‘ಇದನ್ನ ಕತ್ತರಿಸಿದಾಗ ಉಳಿದ ಚೂರು ಎಲ್ಲಿ ಒಗದಿ?’

ಒಂದು ಚೀಲದಷ್ಟು ಕಸಕ್ಕೆ ಹಾಕಿದ್ದೆ. ಚೌಕ ಬರಬೇಕಾದರೆ ಓರೆಕೋರೆ ಹೋಗಲೇಬೇಕು ಅಂದೆ.

‘ಚೂರು ಒಗಿಬಾರದಂತ ಕೌದಿ ಹೊಲಿಯೋದು. ಕೌದಿ ಹೊಲ್ಯಾಕ ಚೂರು ಒಗದ್ರ ಹೆಂಗ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೂ ಅಲ್ಲದೆ ಬಟ್ಟೆ ಎಲ್ಲಾ ಹೊಸದು, ಬೆಂಗಳೂರಿನ ಟೇಲರ್ ಅಂಗಡಿಯದು, ಗಂಜಿಯಿಂದ ಗಡುಸಾಗಿತ್ತು. ಕೂಸಿಗೆ ಚುಚ್ಚುತ್ತದೆ ಅಂತ ನನಗೇ ಹೊಳೆಯಬೇಕಿತ್ತು.

ಅವ್ವ ಕೌದಿಯ ಒಂದು ಕ್ರಮ ಕಲಿತದ್ದು ಭತ್ತದ ನಾಟಿಗೆ ನಮ್ಮ ಕಡೆ ಬರುತ್ತಿದ್ದ ಒಬ್ಬ ಸಿದ್ದಿ ಆಯಿಯಿಂದ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಸಿದ್ದಿಗಳು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕವಂದಿ ಮೂವರಿಗೂ ಸೇರಿದ್ದು. ಅವರ ಹೊಲಿಗೆಗೆ ಬ್ಲಾಕಿಲ್ಲ, ಅಳತೆಪಟ್ಟಿಯಿಲ್ಲ. ಹಳೇ ಸೀರೆ ನೆಲಕ್ಕೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಸಿಕ್ಕ ಚೂರು ಸಿಕ್ಕ ಆಕಾರದಲ್ಲೇ ಕೂರುತ್ತದೆ. ಚೂರು ಕೂರಿಸುವ ಟಾಕೇ ಪದರಗಳನ್ನೂ ಹಿಡಿಯುತ್ತದೆ, ಬೇರೆ ಹೊಲಿಗೆ ಬೇಕಿಲ್ಲ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಮುಕ್ಕೋನಗಳ ‘ಫೂಲ’. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾಗಲಿಲ್ಲ ಅಂತಲೇ ಲೆಕ್ಕ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2011ರಲ್ಲಿ ನಮ್ಮ ಜಿಲ್ಲೆಯ ಈ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆಯ ಮೇಲಿದ್ದವು.

ನಾನು ಐದು ವಾರ ಅಳತೆಯ ಹಿಂದೆ ಬಿದ್ದು ಬಿಟ್ಟದ್ದು ಇದನ್ನೇ. ಕೌದಿ ಬೇಕಾಗಿದ್ದದ್ದು ಕೂಸಿಗೆ, ನಿಜ. ಆದರೆ ಹೊಲಿಯಬೇಕಾಗಿದ್ದದ್ದು ಅವ್ವ. ನಾನು ಆಕೆಯ ಕೆಲಸ ಹಗುರ ಮಾಡಲು ಹೋಗಿ ಕೆಲಸವನ್ನೇ ಕಿತ್ತುಕೊಳ್ಳುತ್ತಿದ್ದೆ.

ಯಂತ್ರ ತೇರಗಾಂವದಲ್ಲಿ ಉಳಿಯಿತು

ಮರುದಿನ ಯಂತ್ರವನ್ನು ಅವ್ವನ ಮುಂದಿಟ್ಟೆ. ‘ಕರೆಂಟ್ ಮಶೀನು ಕೈ ಒಳಗ ಎಳಕೋತೈತಿ, ಒಲ್ಲ್ಯಾ’ ಅಂತ ಹಿಂದೆ ಸರಿದಳು. ಕಾಲಿನ ಯಂತ್ರ ತುಳಿದು ಗೊತ್ತಿದ್ದವಳು. ಮಂಡಿನೋವು ಬಂದ ಮೇಲೆ ಅದನ್ನೂ ಮಾರಿದ್ದಾಯಿತು.

ನಾನು ವೇಗದ ಪಟ್ಟಿಯನ್ನು ಆಮೆಯ ಚಿತ್ರದತ್ತ ಪೂರ್ತಿ ಸರಿಸಿದೆ. ಈಗ ಎಷ್ಟು ಒತ್ತಿದರೂ ಯಂತ್ರ ನಿಧಾನವೇ. ಕಾಲಿನ ಪೆಡಲು ಬಿಚ್ಚಿಟ್ಟೆ. ನನ್ನ ಯಂತ್ರದಲ್ಲಿ ಪೆಡಲು ತೆಗೆದರೆ ಮಾತ್ರ ಶುರು-ನಿಲ್ಲು ಗುಂಡಿ ಕೆಲಸ ಮಾಡುತ್ತದೆ. ಬೆರಳಲ್ಲಿ ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಮಂಡಿಗೆ ಕೆಲಸವಿಲ್ಲ. ಬೆಂಗಳೂರಿನಲ್ಲಿ ಇವೆರಡನ್ನೂ ನಾನು ಒಂದು ದಿನವೂ ಬಳಸಿರಲಿಲ್ಲ.

ಕೊನೆಗೆ ದಾರ ಪೋಣಿಸುವ ಸನ್ನೆ. ಗುಂಡಿ ಒತ್ತಿ ಸೂಜಿಯನ್ನು ಪೂರ್ತಿ ಮೇಲೆ ತಂದು, ದಾರವನ್ನು ಕೊಕ್ಕೆಗೆ ಸಿಕ್ಕಿಸಿ, ಎಡಬದಿಯ ಸನ್ನೆ ಕೆಳಗೆ ಒತ್ತಿ ಬಿಟ್ಟರೆ ಸೂಜಿಯ ಕಣ್ಣಿನ ಹಿಂದಿನಿಂದ ದಾರದ ಕುಣಿಕೆ ಹೊರಗೆ ಬರುತ್ತದೆ. ಅವ್ವ ಮೂರನೇ ಸಲಕ್ಕೆ ತಾನೇ ಮಾಡಿದಳು. ಆ ಕುಣಿಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದಳು. ‘ಹುಡುಗಿಗೆ ಇನ್ನ ತ್ರಾಸ ಇಲ್ಲ’ ಅಂದಳು.

ಯಂತ್ರ ಬಿಟ್ಟು ಬಂದ ನಾಲ್ಕನೇ ದಿನಕ್ಕೇ ವಿಡಿಯೊ ಕಾಲ್. ಬಟ್ಟೆಯ ಕೆಳಗೆ ದಾರ ಗುಬ್ಬಿಗೂಡು ಕಟ್ಟಿತ್ತು. ಬಾಬಿನ್ ಕೆಟ್ಟಿತು ಅಂತ ಎಲ್ಲರೂ ಅಂದುಕೊಳ್ಳುವುದು ಇಲ್ಲೇ. ಹೆಚ್ಚಿನ ಸಲ ತಪ್ಪು ಮೇಲಿನ ದಾರದ್ದು. ಫುಟ್ ಕೆಳಗಿಳಿಸಿ ದಾರ ಹಾಕಿದರೆ ಬಿಗಿತದ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರದೆ ಸಡಿಲವಾಗಿ ಹರಿದು ಕೆಳಗೆ ಗೂಡು ಕಟ್ಟುತ್ತದೆ. ‘ಫುಟ್ ಎತ್ತು, ದಾರ ಪೂರ್ತಿ ತೆಗಿ, ಮತ್ತ ಮೊದಲಿನಿಂದ ಹಾಕು’ ಅಂದೆ. ಸರಿಹೋಯಿತು. ಹೊಸ ಯಂತ್ರ ಕೊಂಡವರು ಇದೊಂದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಇನ್ನೊಂದು, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ನಡುವೆ ಕರೆಂಟು ಹೋದರೆ ಬಟ್ಟೆ ಎಳೆಯಬೇಡಿ, ಬಲಬದಿಯ ಚಕ್ರವನ್ನು ಕೈಯಲ್ಲಿ ನಿಮ್ಮ ಕಡೆಗೆ ತಿರುಗಿಸಿ ಸೂಜಿ ಮೇಲೆತ್ತಿ.

ಅರ್ಧ ಯಂತ್ರ, ಅರ್ಧ ಕೈ

ಕೌದಿ ಹೇಗಿರಬೇಕು ಅನ್ನುವುದನ್ನು ಅವ್ವನೇ ಗೊತ್ತುಮಾಡಿದಳು. ನಡುವಿಗೆ ನಾಲ್ಕು ಬ್ಲಾಕು, 18 ಇಂಚಿನ ಚೌಕ, ಯಂತ್ರದಲ್ಲಿ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ತನ್ನ ಗುಳೇದಗುಡ್ಡ ಖಣದ ಕುಪ್ಪಸ, ತಂಗಿಯ ನೀಲಿ ಯೂನಿಫಾರ್ಮು. ಚೌಕ ಕತ್ತರಿಸಿ ಉಳಿದ ಓರೆಕೋರೆ ಚೂರೆಲ್ಲ ಸುತ್ತಲಿನ ಒಂಬತ್ತು ಇಂಚಿನ ಅಂಚಿಗೆ, ಕೈ ಹೊಲಿಗೆಯಲ್ಲಿ, ಮೂಲೆಯಿಂದ ಒಳಕ್ಕೆ. ಒಂದು ಚೂರೂ ಕಸಕ್ಕೆ ಹೋಗಲಿಲ್ಲ. ನನ್ನ ಪಗಡಿ ಹಾಸು ಈಗ ಬೆಂಗಳೂರಿನ ನನ್ನ ಸೋಫಾ ಮೇಲಿದೆ.

ಕೈ ಹೊಲಿಗೆ ಯಾಕೆ, ಅದನ್ನೂ ಯಂತ್ರದಲ್ಲೇ ಹಾಕು ಅಂತ ನಾನಂದದ್ದುಂಟು. ‘ಮಶೀನಿನ ಟಾಕು ಗಟ್ಟಿ. ಕೂಸಿನ ಬೆನ್ನಿಗೆ ಮೆತ್ತಗಿರಬೇಕು’ ಅಂದಳು. ನಾನು ಟ್ರಂಕಿನಿಂದ ನನ್ನ ಹಳೇ ಕೌದಿ ತೆಗೆದು ಮುಟ್ಟಿ ನೋಡಿದೆ. ಹೌದು, ಕೈಯ ಟಾಕು ಬಟ್ಟೆಯ ಜೊತೆಗೇ ಬಾಗುತ್ತದೆ.

ಆದರೆ ಕೈಸೂಜಿಗೆ ಯಂತ್ರದ ಸನ್ನೆ ದಾರ ಪೋಣಿಸುವುದಿಲ್ಲವಲ್ಲ. ತಗಡಿನ ಪುಟ್ಟ ಪೋಣಿಸುವ ತಂತಿ ತಂದುಕೊಟ್ಟೆ, ಆ ಸಣ್ಣ ತಂತಿ ನಡುಗುವ ಕೈಗೆ ಒಗ್ಗಲಿಲ್ಲ. ಆಗ ಹಳೇ ಕೆಲಸ ನೆನಪಾಯಿತು. ಒಂದು ದಾರದ ಉಂಡೆಯ ತುದಿಗೆ ಹದಿನೈದು ಸೂಜಿಯನ್ನು ಒಂದರ ಹಿಂದೆ ಒಂದು ಪೋಣಿಸಿಬಿಡಿ. ಮೊದಲ ಸೂಜಿಯೊಂದಿಗೆ ಒಂದು ಮೊಳ ದಾರ ಎಳೆದುಕೊಂಡು, ಉಳಿದ ಸೂಜಿಗಳನ್ನು ಹಿಂದಕ್ಕೆ ಉಂಡೆಯ ಕಡೆ ಸರಿಸಿ, ನಡುವೆ ಕತ್ತರಿಸಿದರೆ ಒಂದು ಸೂಜಿ ತಯಾರು. ಉಳಿದ ಹದಿನಾಲ್ಕು ದಾರದಲ್ಲೇ ಇರುತ್ತವೆ. ಕತ್ತರಿಸಿದ ತುದಿಗೆ ಒಂದು ಗಂಟು ಹಾಕಿಟ್ಟರೆ ಜಾರುವುದಿಲ್ಲ. ಊರಿಗೆ ಹೋದಾಗಲೆಲ್ಲ ಬಸ್ಸಿಗೆ ಹೊರಡುವ ಮುಂಚೆ ನಾಲ್ಕು ಉಂಡೆಗೆ ಅರವತ್ತು ಸೂಜಿ ಪೋಣಿಸಿಟ್ಟು ಬರುತ್ತೇನೆ. ಮುಕ್ಕಾಲು ಗಂಟೆಯ ಕೆಲಸ. ಅವ್ವ ಪಕ್ಕದಲ್ಲೇ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಾಳೆ. ಇಂಥ ಸುದ್ದಿ ಫೋನಿನಲ್ಲಿ ಸಿಗುವುದಿಲ್ಲ.

ಬಾಜೂ ಮನೆಯ ಹುಡುಗಿ ಈಗಲೂ ಸಾಲಿ ಬಿಟ್ಟ ಮೇಲೆ ಬರುತ್ತಾಳಂತೆ. ಯಂತ್ರದ ಗುಂಡಿ ಒತ್ತಲಿಕ್ಕೆ. ಸರಪಳಿ ಹೊಲಿಗೆ ಆಕೆಗೂ ಬಂತು, ತನ್ನ ಗೊಂಬೆಗೊಂದು ಬ್ಲಾಕು ಹೊಲಿದುಕೊಂಡಿದ್ದಾಳೆ.

ಇದನ್ನು ಬರೆಯುವ ಹೊತ್ತಿಗೆ ಕೌದಿಯ ಮೂರು ಬದಿ ಮುಗಿದಿದೆ. ನಾಲ್ಕನೆಯದು ಅರ್ಧ, ಮೂಲೆಯ ಫೂಲ ಬಾಕಿ. ತಂಗಿ ಬಂದು ತೇರಗಾಂವದಲ್ಲೇ ಇದ್ದಾಳೆ. ನಿನ್ನೆ ರಾತ್ರಿ ಅವ್ವನ ಫೋನು ಬಂತು, ‘ಸೂಜಿ ತೀರಿದ್ವು ನೋಡೋ ತಮ್ಮಾ. ಯಾವಾಗ ಬರ್ತಿ?’

ತಂಗಿ ಪಕ್ಕದಲ್ಲೇ ಇದ್ದಳಲ್ಲ, ಆಕೆಗೇ ಹೇಳಬಹುದಿತ್ತು ಅಂತ ನನ್ನ ಬಾಯಿಗೆ ಬಂತು. ಹೇಳಲಿಲ್ಲ. ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟು ಮಾಡಿಸಿದ್ದೇನೆ.